ಪ್ರತಿನಿಧಿ ಕರ್ತೃ

ಏಪ್ರಿಲ್ 18, ಶನಿವಾರ

ತಿಲೋದಕ ಸೇವಾ ಸಂಸ್ಥೆಯಿಂದ ಮೆಸೇಜು ಬಂದಿದೆ. ‘ಪ್ರಿಯ ಗ್ರಾಹಕರೇ, ದಿವಂಗತ ಶ್ರೀನಿವಾಸಯ್ಯನವರ ವಾರ್ಷಿಕ ಸೇವೆ ಮೇ 25ರ ಸೋಮವಾರ, ಹನ್ನೊಂದು ಗಂಟೆಯ ಸ್ಲಾಟಿನಲ್ಲಿ ನಿಗದಿಯಾಗಿದೆ.’ ಓದಿ ನಿರಾಳವಾಯಿತು. ಹೋದ ವರ್ಷ ಅಪ್ಪನ ಮೊದಲ ತಿಥಿಯೂ ಚಾಮರಾಜಪೇಟೆಯ ಇವರ ಹಾಲಿನಲ್ಲೇ ಆಗಿತ್ತು. ಎಳ್ಳು, ದರ್ಭೆ, ಅಡುಗೆ, ಪುರೋಹಿತರು, ಎಲ್ಲ ಅವರದೇ. ನಾವು ಸ್ನಾನ ಮಾಡಿ ಹೋಗಿ ಕೂತರೆ ಮುಗಿಯಿತು. ಮೂರು ವರ್ಷದ ಪ್ಯಾಕೇಜು ತೆಗೆದುಕೊಂಡಿದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಒಂದು ಗಂಟೆಗೆಲ್ಲ ಬಿಟ್ಟರೆ ಎರಡಕ್ಕೆ ಆಫೀಸು ಸೇರಬಹುದು. ಅರ್ಧ ದಿನದ ರಜೆ ಸಾಕು.

ಅಪ್ಪನಿಗೂ ನನಗೂ ಅಷ್ಟಕ್ಕಷ್ಟೇ, ಸುಳ್ಳೇಕೆ ಹೇಳಲಿ. ಶಾಲೆಯಲ್ಲಿ ಗಣಿತದ ಮೇಷ್ಟ್ರು, ಮನೆಯಲ್ಲೂ ಮೇಷ್ಟ್ರು, ಬೀದಿಯಲ್ಲೂ ಮೇಷ್ಟ್ರು. ಗಾಂಧಿ ಬಜಾರಿನ ಯಾವುದಾದರೂ ಅಂಗಡಿಯಲ್ಲಿ ‘ಒಮ್ಮೆ ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಅನ್ನುವ ಬೋರ್ಡು ಕಣ್ಣಿಗೆ ಬಿದ್ದರೆ ಸಾಕು, “ಹಾಗಂತ ಯಾವ ಕಾನೂನಿನಲ್ಲಿದೆ ಸ್ವಾಮಿ, ತೋರಿಸಿ” ಎಂದು ಶುರು ಹಚ್ಚುತ್ತಿದ್ದರು. ನಾನು ಪಕ್ಕದ ಹೂವಿನ ಬುಟ್ಟಿಗಳ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅವರು ತೀರಿಕೊಂಡಾಗಲೂ ಅಷ್ಟೇ, ಆಂಬುಲೆನ್ಸು, ಸರ್ಟಿಫಿಕೇಟು, ಬ್ಯಾಂಕು ಎಂದು ಓಡಾಡಿದ್ದೇ ಆಯಿತು.

ಊಟಕ್ಕೆ ಕೂತಾಗ ಅಮ್ಮನಿಗೆ ದಿನ ಹೇಳಿದೆ. ಅವಳು ಹುಳಿ ಬಡಿಸುವುದನ್ನು ನಿಲ್ಲಿಸಿ ಬೆರಳಿನ ಗೆಣ್ಣು ಎಣಿಸಿದಳು.

“ಮೇ ತಿಂಗಳಲ್ಲಿ ಬರೋದು ಅಧಿಕ ಜ್ಯೇಷ್ಠ ಕಣೋ. ಅಧಿಕ ಮಾಸದಲ್ಲಿ ನಮ್ಮನೇಲಿ ತಿಥಿ ಮಾಡಲ್ಲ. ನಿಜ ಜ್ಯೇಷ್ಠ ಜೂನ್‌ನಲ್ಲಿ ಬರತ್ತೆ. ನಿಮ್ಮಪ್ಪನ ದಶಮಿ ಜೂನ್ ಇಪ್ಪತ್ನಾಲ್ಕಕ್ಕೆ.”

ಹೌದಲ್ಲ, ಈ ವರ್ಷ ಎರಡು ಜ್ಯೇಷ್ಠ. ಅವರ ಕಂಪ್ಯೂಟರು ಮೊದಲು ಸಿಕ್ಕಿದ ಜ್ಯೇಷ್ಠವನ್ನೇ ಹಿಡಿದುಕೊಂಡಿದೆ. ಒಂದು ಫೋನು ಮಾಡಿದರೆ ಸರಿಹೋಗುತ್ತದೆ.

ಏಪ್ರಿಲ್ 20, ಸೋಮವಾರ

ಸರಿಹೋಗಲಿಲ್ಲ.

ಫೋನು ತೆಗೆದದ್ದು ಒಬ್ಬ ಹುಡುಗಿ. ಬಹಳ ವಿನಯ. ಅದೇ ಇನ್ನೂ ಸಿಟ್ಟು ಬರಿಸಿತು.

“ಸರ್, ಸಿಸ್ಟಮ್ಮಲ್ಲಿ ಜ್ಯೇಷ್ಠ ಶುದ್ಧ ದಶಮಿ ಅಂತಾನೇ ಇದೆ. ನೀವು ಕೊಟ್ಟಿದ್ದೂ ಅದೇ ಅಲ್ವಾ ಸರ್?”

“ಈ ವರ್ಷ ಎರಡು ಜ್ಯೇಷ್ಠ ಇದೆಯಮ್ಮಾ.”

“ಸಿಸ್ಟಮ್ ಒಂದೇ ತೋರಿಸ್ತಿದೆ ಸರ್.”

“ಸಿಸ್ಟಮ್ಮಿಗೆ ಯಾರಾದ್ರೂ ಪಂಚಾಂಗ ತೋರಿಸಿ.”

ದಿನ ಬದಲಿಸುವಂತಿಲ್ಲವಂತೆ, ರದ್ದು ಮಾಡುವಂತೆಯೂ ಇಲ್ಲವಂತೆ. ಪ್ಯಾಕೇಜು ತೆಗೆದುಕೊಂಡಾಗ ನಾನು ಟಿಕ್ ಹಾಕಿ ಒಪ್ಪಿದ ಷರತ್ತುಗಳನ್ನು ಮತ್ತೊಮ್ಮೆ ಕಳಿಸಿದಳು. ಇಪ್ಪತ್ತಮೂರು ಪುಟ. ಅಕ್ಷರಗಳು ಇರುವೆ ಸಾಲು. ಒಂಬತ್ತನೇ ಷರತ್ತು: ‘ತಿಥಿ, ಮಾಸ, ದಿನಗಳ ನಿರ್ಣಯದಲ್ಲಿ ಸಂಸ್ಥೆಯ ಗಣನೆಯೇ ಅಂತಿಮ. ಗ್ರಾಹಕರು ಪ್ರಶ್ನಿಸತಕ್ಕದ್ದಲ್ಲ.’ ಹದಿನಾಲ್ಕನೆಯದು: ‘ನಿಗದಿಯಾದ ಸೇವೆಯನ್ನು ಗ್ರಾಹಕರು ರದ್ದುಪಡಿಸುವಂತಿಲ್ಲ. ಸಂಸ್ಥೆಯು ಕಾರಣ ನೀಡದೆ ರದ್ದುಪಡಿಸಬಹುದು.’ ಇವರಪ್ಪನ ಮನೆ ಗಂಟು.

“ನೀವು ಬರದೇ ಇದ್ರೂ ತೊಂದ್ರೆ ಇಲ್ಲ ಸರ್” ಎಂದು ಹುಡುಗಿ ಸಮಾಧಾನ ಮಾಡಿದಳು. “ನಮ್ಮ ಪ್ರತಿನಿಧಿ ಕರ್ತೃ ಕೂತು ಮಾಡ್ತಾರೆ. ಫೋಟೋ ಕಳಿಸ್ತೀವಿ.”

ಇದೂ ವಾಸಿಯೇ ಅನ್ನಿಸಿತು. ಅವರು ಮೇನಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ, ಜೂನ್‌ನಲ್ಲಿ ನಾವು ಬೇರೆ ಎಲ್ಲಾದರೂ ಮಾಡಿದರಾಯಿತು. ಮನೆಗೆ ಬಂದು ಅಮ್ಮನಿಗೆ ಹಾಗೆಯೇ ಹೇಳಿದೆ. ಸಮಾಧಾನವಾಗುತ್ತಾಳೆ ಅಂದುಕೊಂಡಿದ್ದೆ.

“ಪ್ರತಿನಿಧಿ ಅಂದ್ರೆ?”

“ನನ್ನ ಬದಲು ಒಬ್ಬರು ಕೂತ್ಕೋತಾರೆ ಅಮ್ಮಾ. ಅವರ ಕಡೆಯವರು.”

“ಯಾವನೋ ಬಂದು ನಿಮ್ಮಪ್ಪನ್ನ ‘ನನ್ನ ತಂದೆ’ ಅಂತ ಕರೆದು ಪಿಂಡ ಇಡ್ತಾನಾ?” ಅವಳ ಸ್ವರ ಏರಲಿಲ್ಲ. “ಯಾಕೆ, ನಿಮ್ಮಪ್ಪನಿಗೆ ಮಕ್ಕಳಿಲ್ವಾ?”

ಅಷ್ಟು ಕೇಳಿ ಕೋಣೆಗೆ ಹೋದವಳು ಆಚೆ ಬರಲಿಲ್ಲ. ನನ್ನ ಹೆಂಡತಿ ದೀಪ್ತಿ ನನ್ನನ್ನೇ ನೋಡುತ್ತಿದ್ದಳು. ನಾನೇನು ಮಾಡಿದೆ?

ಏಪ್ರಿಲ್ 22, ಬುಧವಾರ

ನಮ್ಮ ಮನೆಯ ಹಳೆಯ ಪುರೋಹಿತರಾದ ಅವಧಾನಿಗಳನ್ನು ನೋಡಲು ಹೋಗಿದ್ದೆ. ನನ್ನ ಉಪನಯನ ಮಾಡಿಸಿದವರು. ಈಗ ಅವರೂ ತಿಲೋದಕದವರಲ್ಲೇ ಇದ್ದಾರೆ. ಆಚೆ ಯಾರ ಮನೆಗೂ ಹೋಗಬಾರದು ಎಂದು ಅವರಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ. ಆ ಹೊತ್ತಿಗೆ ಅವರ ಹೆಂಡತಿಗೆ ಡಯಾಲಿಸಿಸ್ಸು, ತಿಂಗಳಿಗೆ ಇಷ್ಟು ಎಂದು ಬರುತ್ತದಲ್ಲ ಎಂದು ಹಾಕಿದರಂತೆ.

“ಮೇ ಇಪ್ಪತ್ತೈದು ತಪ್ಪು ದಿನ ಅಂತ ನಾನೂ ಹೇಳಿದೆ ಆತ್ರೇಯ. ‘ನೀವು ಮಂತ್ರ ನೋಡ್ಕೊಳ್ಳಿ, ಕ್ಯಾಲೆಂಡರ್ ನಾವು ನೋಡ್ಕೋತೀವಿ’ ಅಂದ್ರು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಿದ್ದರು. ಈಗ ಪೂಜಾರಿ ಕೊಟ್ಟರೂ ಆ್ಯಪು ಕೊಡುವುದಿಲ್ಲ.

ಏಪ್ರಿಲ್ 25, ಶನಿವಾರ

ಶಶಿಕಿರಣ್ ನನ್ನ ಜೊತೆ ಹೈಸ್ಕೂಲು ಓದಿದವನು. ಈಗ ಚಾಮರಾಜಪೇಟೆಯಲ್ಲಿ ವಕೀಲ. ಆಫೀಸಿನ ಕೆಳಗೆ ಅವರ ತಾತನ ಕಾಲದ ಬೆಲ್ಲದ ಮಂಡಿ, ಮೇಲೆ ಇವನ ಕಾನೂನು ಪುಸ್ತಕ. ಇಡೀ ಆಫೀಸು ಬೆಲ್ಲದ ವಾಸನೆ. ಇಪ್ಪತ್ತಮೂರು ಪುಟವನ್ನೂ ಅವನು ಓದಿದ. ಮಧ್ಯೆ ಮಧ್ಯೆ ನಗುತ್ತಿದ್ದ.

“ಟಿಕ್ ಹಾಕೋವಾಗ ಓದಿದ್ಯಾ ಗುರು?”

“ಯಾರು ಓದ್ತಾರೋ?”

“ಯಾರೂ ಓದಲ್ಲ. ಓದಿದ್ರೂ ಏನು ಮಾಡ್ತಿದ್ದೆ? ಒಂಬತ್ತನೇದು ತೆಗೀರಿ ಅಂದಿದ್ರೆ ತೆಗೀತಿದ್ರಾ? ಒಪ್ಪಿದ್ರೆ ಬಾ, ಇಲ್ಲಾಂದ್ರೆ ಹೋಗು ಅಂತಿದ್ರು. ಇಂಥದ್ದಕ್ಕೇ ಹೊಸ ಗ್ರಾಹಕ ಕಾಯ್ದೇಲಿ ‘ಅನ್ಯಾಯದ ಕರಾರು’ ಅಂತ ಸೇರಿಸಿರೋದು. ಒಂದು ಕಡೆಯವರೇ ಬರೆದು, ಗ್ರಾಹಕನ ಹಕ್ಕಿಗೆ ಕಲ್ಲು ಹಾಕೋ ಷರತ್ತು ಇದ್ರೆ ಅದು ನಡೆಯಲ್ಲ ಅಂತ ಆಯೋಗ ಹೇಳಬಹುದು. ನೀನು ಸಹಿ ಹಾಕಿದ್ರೂ.”

“ಸಹಿ ಹಾಕಿದ್ರೂ?”

“ಹಾಕಿದ್ರೂ. ದುಡ್ಡು ವಾಪಸ್ ಕೇಳೋಣ್ವಾ?”

“ದುಡ್ಡು ಹಾಳಾಗಿ ಹೋಗಲಿ. ಯಾವನೂ ಕೂರಬಾರದು ಅಷ್ಟೇ. ಅಮ್ಮ ನನ್ನ ಹತ್ರ ಮಾತಾಡ್ತಿಲ್ಲ.”

ಹದಿನೇಳನೇ ಷರತ್ತನ್ನು ಅವನು ಜೋರಾಗಿ ಓದಿದ: ‘ಗ್ರಾಹಕರು ನಿಗದಿತ ದಿನ ಹಾಜರಿಲ್ಲದಿದ್ದಲ್ಲಿ ಸಂಸ್ಥೆಯ ಪ್ರತಿನಿಧಿ ಕರ್ತೃವು ಮೃತರ ಪುತ್ರಸ್ಥಾನದಲ್ಲಿ ಕುಳಿತು ಸೇವೆ ನೆರವೇರಿಸತಕ್ಕದ್ದು. ಸದರಿ ಸೇವೆಯು ಸಂದಿತೆಂದು ಭಾವಿಸತಕ್ಕದ್ದು.’ ಪುತ್ರಸ್ಥಾನವಂತೆ. ಆ ಪದ ಕೇಳಿದ ಮೇಲೆ ತಲೆಯಿಂದ ಹೋಗುತ್ತಿಲ್ಲ.

ಮೇ 4, ಸೋಮವಾರ

ಕರ್ಮ ಕರ್ಮ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿದ ದೂರು ವಾಪಸು ಬಂತು. ಅನ್ಯಾಯದ ಕರಾರಿನ ವಿಷಯವನ್ನು ಜಿಲ್ಲೆಯವರು ಕೇಳುವ ಹಾಗಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು ಎಂದು ಕಾಯ್ದೆಯಲ್ಲೇ ಇದೆ.

“ನನ್ನದೇ ತಪ್ಪು ಮಗಾ” ಅಂದ ಶಶಿ. “ಸೇವೆಯ ಲೋಪ ಅಂತ ಬರೆದಿದ್ರೆ ಇಲ್ಲೇ ನಡೀತಿತ್ತು. ಕರಾರೇ ಅನ್ಯಾಯ ಅಂತ ಬರೆದ್ಬಿಟ್ಟೆ.”

“ಹಾಗಾದ್ರೆ ಲೋಪ ಅಂತ ಬರಿ.”

“ಅವರೇನೂ ಲೋಪ ಮಾಡ್ತಿಲ್ವಲ್ಲೋ. ಷರತ್ತಿನ ಪ್ರಕಾರ ಸರಿಯಾಗೇ ಮಾಡ್ತಿದಾರೆ. ಅದೇ ರೋಗ.”

ದುರ್ಭಿಕ್ಷದಲ್ಲಿ ಅಧಿಕ ಮಾಸ ಅನ್ನುವ ಗಾದೆ ಮಾಡಿದವನಿಗೆ ನಮಸ್ಕಾರ ಹಾಕಬೇಕು. ಮತ್ತೆ ಟೈಪು, ಮತ್ತೆ ಅಫಿಡವಿಟ್ಟು, ಮತ್ತೆ ಪ್ರತಿಗಳು. ಆಫೀಸಿನಲ್ಲಿ ಬಾಸು ಮುಖ ಗಂಟು ಹಾಕಿಕೊಂಡಿದ್ದಾನೆ. ಹಾಕಿಕೊಳ್ಳಲಿ.

ಮೇ 9, ಶನಿವಾರ

ಮಗಳು ಧೃತಿಯನ್ನು ಕರೆದುಕೊಂಡು ಗಾಂಧಿ ಬಜಾರಿಗೆ ಹೋಗಿದ್ದೆ. ಅವಳಿಗೆ ಒಂಬತ್ತನೇ ಕ್ಲಾಸಿನ ಹೊಸ ಶೂ ಬೇಕಿತ್ತು. ಸ್ಕೂಟರ್ ನಿಲ್ಲಿಸಿದರೆ ಪಾರ್ಕಿಂಗಿನವನು ಚೀಟಿ ಕೊಟ್ಟ. ಹಿಂದೆ ತಿರುಗಿಸಿ ಓದಿದೆ. ‘ವಾಹನ ಕಳುವಾದರೆ, ಹಾಳಾದರೆ ನಾವು ಜವಾಬ್ದಾರರಲ್ಲ.’ ಹಾಗಾದರೆ ದುಡ್ಡು ಯಾಕೆ ತೆಗೆದುಕೊಳ್ಳುತ್ತೀಯಪ್ಪ ಎಂದು ಕೇಳಿದೆ. ಕೇಳಿದ್ದರಲ್ಲಿ ತಪ್ಪೇನಿದೆ?

“ನಿಲ್ಸೋಕೆ ಜಾಗ ಕೊಟ್ಟಿದೀವಲ್ಲ ಸರ್.”

“ಜಾಗ ರಸ್ತೇದು. ನೀನು ನೋಡ್ಕೋತೀಯ ಅಂತ ದುಡ್ಡು ಕೊಡೋದು. ನೋಡ್ಕೊಳ್ಳಲ್ಲ ಅಂತ ಯಾವ ಕಾನೂನಿನಲ್ಲಿದೆ, ತೋರಿಸು.”

ನಾಲ್ಕು ಜನ ಸೇರಿದರು. ಒಬ್ಬ ತಾತ ನನ್ನ ಪರ, ಇಬ್ಬರು ಆಟೋದವರು ಅವನ ಪರ. ಚೀಟಿಯ ಮೇಲಿದ್ದ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ ಅವನ ಕೈಯಲ್ಲಿ ಸಹಿ ಹಾಕಿಸಿಕೊಂಡೇ ಬಿಟ್ಟೆ. ತಿರುಗಿ ನೋಡಿದರೆ ಧೃತಿ ಇಲ್ಲ. ಹುಡುಕಿದರೆ ಅಷ್ಟು ದೂರದಲ್ಲಿ ಕಡಲೆಕಾಯಿ ಗಾಡಿಯ ಹಿಂದೆ ಮೊಬೈಲು ನೋಡುತ್ತ ನಿಂತಿದ್ದಾಳೆ. ಇವಳಿಗೇನು ನಾಚಿಕೆಯೋ ಕಾಣೆ, ಈಗಿನ ಮಕ್ಕಳು.

ಮನೆಗೆ ಬಂದು ಹೇಳಿದರೆ ದೀಪ್ತಿ ಬಿದ್ದು ಬಿದ್ದು ನಕ್ಕಳು. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, “ಥೇಟ್...” ಅಂದು ನಿಲ್ಲಿಸಿಬಿಟ್ಟಳು. ಥೇಟ್ ಏನು ಎಂದು ಕೇಳಿದರೆ ಹೇಳಲಿಲ್ಲ. ಅಂತೂ ಮಾತಾಡಿದಳು.

ಮೇ 13, ಬುಧವಾರ

ತಿಲೋದಕದಿಂದ ಉತ್ತರ. ‘ನಿಮ್ಮ ಭಾವನೆಗಳನ್ನು ನಾವು ಅತ್ಯಂತ ಗೌರವಿಸುತ್ತೇವೆ. ಷರತ್ತು 9, 14 ಮತ್ತು 17ನ್ನು ಗಮನಿಸಲು ಕೋರಿಕೆ.’

ಗೌರವವಂತೆ. ಎರಡು ಕಾಗುಣಿತ ತಪ್ಪಿತ್ತು, ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿದೆ.

ಮೇ 21, ಗುರುವಾರ

ರಾಜ್ಯ ಆಯೋಗದಲ್ಲಿ ಇವತ್ತು ನಮ್ಮ ಕೇಸು. ಸೋಮವಾರ ಯಾರೂ ಕೂರದ ಹಾಗೆ ಮಧ್ಯಂತರ ಆದೇಶ ಸಿಗಬೇಕಿತ್ತು. ತಿಲೋದಕದ ವಕೀಲರು ಬಂದು, “ನಿನ್ನೆಯಷ್ಟೇ ವಕಾಲತ್ತು ಕೊಟ್ಟಿದ್ದಾರೆ, ಉತ್ತರ ಸಲ್ಲಿಸಲು ಕಾಲಾವಕಾಶ ಬೇಕು” ಅಂದರು. ಆ ಕಡೆಯವರ ಮಾತು ಕೇಳದೆ ಆದೇಶ ಮಾಡಲಾಗದು ಎಂದು ಪೀಠ ಜೂನ್ 9ಕ್ಕೆ ಹಾಕಿತು. ಅಲ್ಲಿಗೆ ಮೇ 25 ಕಳೆದು ಹಳಸಿಹೋಗಿರುತ್ತದೆ.

ಶಶಿ ಏನೇನೋ ಹೇಳಿ ನೋಡಿದ. ನಾನು ಕೋಪದಲ್ಲಿ ಅವನಿಗೂ ಎರಡು ಮಾತು ಅಂದೆ. ಪಾಪ, ಫೀಸು ಕೂಡ ತೆಗೆದುಕೊಂಡಿಲ್ಲ. ಅವನ ಹಿಂದೆ ಬೈಕಿನಲ್ಲಿ ಕೂತು ಬರುವಾಗ ಮತ್ತೆ ಆ ಹಾಳು ಷರತ್ತುಗಳನ್ನೇ ಓದಿಕೊಂಡು ಬಂದೆ. ಈಗೀಗ ಓದದೆ ಇರಲು ಆಗುವುದಿಲ್ಲ, ಟೂತ್‌ಪೇಸ್ಟಿನ ಡಬ್ಬಿಯನ್ನೂ ಓದುತ್ತೇನೆ. ಟೌನ್ ಹಾಲಿನ ಸಿಗ್ನಲ್ಲಿನಲ್ಲಿ ಅವನ ಬೆನ್ನಿಗೆ ಗುದ್ದಿದೆ.

“ಏನೋ?”

“‘ಹಾಜರಿಲ್ಲದಿದ್ದಲ್ಲಿ’ ಅಂತ ಬರೆದಿದಾರೆ ನೋಡು. ಹಾಜರಿದ್ರೆ?”

“ಹಾಜರಿದ್ರೆ ನೀನೇ ಮಾಡ್ಬೇಕು.”

“ಮಾಡ್ಬೇಕು ಅಂತ ಎಲ್ಲಿದೆ? ಹುಡುಕಿದೆ, ಇಲ್ಲ. ಹಾಜರಿರಬೇಕು ಅಷ್ಟೇ.”

ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ಶಶಿ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದ.

ಮೇ 25, ಸೋಮವಾರ

ಪೂರ್ತಿ ದಿನ ರಜೆ ಹಾಕಿ ಹಾಲಿಗೆ ಹೋದೆ. ಮಡಿಗೆಂದು ಅಪ್ಪನ ಹಳೆಯ ರೇಷ್ಮೆ ಮಗುಟ ಉಟ್ಟುಕೊಂಡಿದ್ದೆ. ಅಮ್ಮನೇ ತೆಗೆದುಕೊಟ್ಟಳು. ಬಾಗಿಲಲ್ಲಿ ಹಾಜರಿ ಹಾಕಿ, ಹಾಕಿದ್ದಕ್ಕೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಉದ್ದನೆಯ ಹಾಲು, ಮಧ್ಯೆ ಮಧ್ಯೆ ಬಿಳಿ ಪರದೆ. ಒಂದೊಂದು ಪರದೆಯ ಹಿಂದೆ ಒಬ್ಬೊಬ್ಬರ ತಿಥಿ. ನಮ್ಮದು ನಾಲ್ಕನೇ ನಂಬರು. ಮಣೆಯ ಹತ್ತಿರ ಆಗಲೇ ಒಬ್ಬರು ಪಂಚೆಯುಟ್ಟು ನಿಂತಿದ್ದರು. ನನ್ನದೇ ವಯಸ್ಸು ಇರಬಹುದು. ಜನಿವಾರದ ಪಕ್ಕದಲ್ಲಿ ಕಂಪನಿಯ ಐಡಿ ಕಾರ್ಡು. ‘ಪ್ರತಿನಿಧಿ ಕರ್ತೃ’ ಎಂದು ಬರೆದಿತ್ತು. ಬೈಯಬೇಕು ಎಂದೇ ಹೋಗಿದ್ದೆ. ಆದರೆ ಅವರು ನನ್ನನ್ನು ಕಂಡಿದ್ದೇ ನಕ್ಕು, “ಬಂದ್ರಾ, ಒಳ್ಳೇದಾಯ್ತು. ಮಕ್ಕಳು ಬಂದ್ರೇನೇ ಚೆನ್ನ” ಎಂದು ಮಣೆ ಒರೆಸಿಕೊಟ್ಟು ಮೂರನೇ ನಂಬರಿಗೆ ಹೋದರು. ಅಲ್ಲಿ ಶಾರ್ಜಾದಲ್ಲಿರುವ ಯಾರಿಗೋ ಬದಲಾಗಿ ಕೂರಬೇಕಿತ್ತಂತೆ.

ನಾನು ಮಣೆಯ ಮೇಲೆ ಕೂತೆ. ಅವಧಾನಿಗಳು ದರ್ಭೆ ಹಿಡಿದು ಬಂದರು.

“ಇವತ್ತು ನಮ್ಮಪ್ಪನ ದಿನ ಅಲ್ಲ, ಅವಧಾನಿಗಳೇ. ನಾನೇನೂ ಮಾಡಲ್ಲ. ಕೂತಿರ್ತೀನಿ.”

ಅವರು ದರ್ಭೆಯನ್ನು ತಟ್ಟೆಯಲ್ಲಿಟ್ಟು ಗೋಡೆಗೆ ಒರಗಿ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಮ್ಯಾನೇಜರು ರವಿಕುಮಾರ್ ಓಡಿಬಂದ. ಕೈಯಲ್ಲಿ ವಾಕಿಟಾಕಿ.

“ಸರ್, ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ಎದ್ದೇಳಿ. ನಮ್ಮವರು ಕೂತು ಮುಗಿಸ್ತಾರೆ.”

“ಎದ್ದೇಳಬೇಕು ಅಂತ ನಿಮ್ಮ ಷರತ್ತಿನಲ್ಲಿ ಎಲ್ಲಿದೆ, ತೋರಿಸಿ.”

“ಮುಂದಿನ ಸ್ಲಾಟ್ ಇದೆ ಸರ್.”

“ಹನ್ನೊಂದನೇದು ಓದಿ. ‘ಸ್ಲಾಟಿನ ಅವಧಿ ಅಂದಾಜು ಮಾತ್ರ’ ಅಂತ ನೀವೇ ಬರೆದಿದೀರಿ. ತಡ ಆದ್ರೆ ಗ್ರಾಹಕರು ಕೇಳೋ ಹಾಗಿಲ್ಲ ಅಂತಾನೂ ಇದೆ. ನಾನು ಕೇಳ್ತಿಲ್ಲ, ನೀವೂ ಕೇಳ್ಬೇಡಿ.”

ಅವನು ಯಾರಿಗೋ ಫೋನು ಮಾಡಿದ. ಆ ಯಾರೋ ಇನ್ಯಾರಿಗೋ ಮಾಡಿದರು. ಪೊಲೀಸು ಅಂದ, ಕರೆಸಿ ಅಂದೆ. ಕರೆಸಲಿಲ್ಲ. ತಿಥಿ ಮಾಡುವ ಹೊತ್ತು ಕಳೆದು ಅವರು ಬಾಗಿಲು ಹಾಕುವ ತನಕ ಏಳುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಎದ್ದರೆ ಆ ಮಣೆಯ ಮೇಲೆ ಇನ್ನೊಬ್ಬ ಕೂರುತ್ತಾನೆ. ನೀರು ಕೂಡ ಕುಡಿಯಲಿಲ್ಲ, ಕುಡಿದರೆ ಏಳಬೇಕಾಗುತ್ತದೆ.

ಬಹಳ ಹೊತ್ತು ಕೂತಿದ್ದೆ. ಪಕ್ಕದ ಪರದೆಯ ಆಚೆ ಆ ಪ್ರತಿನಿಧಿ ಶಾರ್ಜಾದವನ ತಂದೆಯನ್ನು ಕರೆಯುವುದು ಕೇಳುತ್ತಿತ್ತು. ಗೋತ್ರ, ಹೆಸರು, ‘ಅಸ್ಮತ್ ಪಿತರಂ’ ಅಂದರೆ ನಮ್ಮ ತಂದೆಯನ್ನು. ಪಾಪ, ಶ್ರದ್ಧೆಯಿಂದಲೇ ಕರೆಯುತ್ತಿದ್ದರು. ತಪ್ಪೇನೂ ಇರಲಿಲ್ಲ ಆ ಸ್ವರದಲ್ಲಿ. ನನ್ನ ಮುಂದೆ ಎಳ್ಳು, ನೀರು, ಖಾಲಿ ಎಲೆ.

ಆಮೇಲಿನದು ಬರೆಯಲು ಬೇಜಾರು. ಬೆನ್ನು ಬಹಳ ನೋಯುತ್ತಿದೆ.

ಮೇ 26, ಮಂಗಳವಾರ

‘ಅಭಿನಂದನೆಗಳು! ನಿಮ್ಮ ಸೇವೆ ಯಶಸ್ವಿಯಾಗಿ ಪೂರ್ಣಗೊಂಡಿದೆ. ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’

ಒಂದು ಕೊಟ್ಟೆ. ‘ನಿಮ್ಮ ಪ್ರೀತಿಗೆ ಧನ್ಯವಾದ’ ಎಂದು ಬಂತು. ಇವರ ಮನೆ ಕಾಯಿಹೋಗ.

ಜೂನ್ 9, ಮಂಗಳವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ತಿಲೋದಕದ ವಕೀಲರು ಎದ್ದು ನಿಂತು, ದೂರಿಗೆ ಈಗ ಅರ್ಥವೇ ಇಲ್ಲ ಅಂದರು. ದೂರುದಾರರು 25ನೇ ತಾರೀಕು ಹಾಜರಿದ್ದರು, ಹಾಜರಿಯಲ್ಲಿ ಅವರದೇ ಸಹಿ ಇದೆ, ಆದ್ದರಿಂದ ಸೇವೆ ಸಂದಿದೆ. ನಾನು ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದು ನನ್ನ ಕುತ್ತಿಗೆಗೇ ಬಂದಿತ್ತು. ಜೊತೆಗೆ ಇನ್ನೊಂದು ಮಾತೂ ಸೇರಿಸಿದರು: ಯಾವ ಜ್ಯೇಷ್ಠ ಸರಿ ಅನ್ನುವುದು ಧರ್ಮದ ವಿಚಾರ, ಆಯೋಗ ಅದನ್ನು ತೀರ್ಮಾನಿಸಲಾಗದು.

ಪೀಠದಲ್ಲಿ ಇಬ್ಬರಿದ್ದರು. ಮಾತಾಡಿದ್ದು ಹೆಂಗಸು, ತಲೆ ಪೂರ್ತಿ ಬೆಳ್ಳಗಾದವರು.

“ಯಾವ ಜ್ಯೇಷ್ಠ ಅಂತ ನಾವು ಹೇಳೋದಿಲ್ಲ ವಕೀಲರೇ. ಅದನ್ನ ನೀವೊಬ್ಬರೇ ಹೇಳ್ತೀರಿ, ಬೇರೆಯವರು ಕೇಳಬಾರದು ಅಂತ ಬರೆದುಕೊಂಡಿದೀರಲ್ಲ, ಅದು ಸರೀನಾ ಅಂತ ನೋಡ್ತಿದೀವಿ.” ಆಮೇಲೆ ನನ್ನ ಕಡೆ ತಿರುಗಿದರು. “ದೂರುದಾರರು ನೀವೇನಾ? ಅವತ್ತು ಹಾಜರಿದ್ರಾ?”

ಶಶಿ ಏನೋ ಹೇಳಲು ಹೋದ. ನಾನೇ ಹೇಳುತ್ತೇನೆ ಅಂದೆ. “ಇದ್ದೆ ಮೇಡಂ.”

“ಕರ್ಮ ಮಾಡಿದ್ರಾ?”

“ಇಲ್ಲ.”

“ಎಷ್ಟು ಹೊತ್ತು ಕೂತಿದ್ರಿ?”

“ಅವರು ದೀಪ ಆರಿಸೋ ತನಕ.”

“ಅಷ್ಟು ಹೊತ್ತು ಏನು ಮಾಡ್ತಾ ಇದ್ರಿ?”

ಷರತ್ತಿನ ನಂಬರುಗಳೆಲ್ಲ ಬಾಯಿಪಾಠವಾಗಿದ್ದವು. ಒಂಬತ್ತು, ಹನ್ನೊಂದು, ಹದಿನಾಲ್ಕು, ಹದಿನೇಳು. ಒಂದೂ ಬಾಯಿಗೆ ಬರಲಿಲ್ಲ.

“ಅಳ್ತಾ ಇದ್ದೆ ಮೇಡಂ.”

ಹಿಂದೆ ಫೈಲು ತಿರುವುತ್ತಿದ್ದವರು ನಿಲ್ಲಿಸಿದರು. ನಾನು ನಿಲ್ಲಿಸಬಹುದಿತ್ತು, ಆಗಲಿಲ್ಲ. “ನಮ್ಮಪ್ಪ ಹೋಗಿ ಎರಡು ವರ್ಷ ಆಯ್ತು. ಅತ್ತಿರಲಿಲ್ಲ. ಅವತ್ತು ಪಕ್ಕದಲ್ಲಿ ಯಾರೋ ಯಾರ ಅಪ್ಪನ್ನೋ ಕರೀತಿದ್ರು. ನಮ್ಮಪ್ಪನಿಗೂ ಹಾಗೇ ಆಗ್ತಿತ್ತಲ್ಲ ಅಂತ ಅಳು ಬಂತು. ಅವತ್ತು ತಿಥೀನೂ ಅಲ್ಲ, ಏನೂ ಅಲ್ಲ. ಅವಧಾನಿಗಳೇ ಕಣ್ಣೊರೆಸಿಕೊಳ್ಳೋಕೆ ತಮ್ಮ ಶಲ್ಯ ಕೊಟ್ರು.”

“ನಿಮಗೀಗ ಏನು ಬೇಕು? ಕಟ್ಟಿದ ಹಣ ವಾಪಸಾ?”

“ಬೇಡ. ನಮ್ಮಪ್ಪನ ಮಗನ ಜಾಗದಲ್ಲಿ ಇನ್ಯಾರೂ ಕೂರಬಾರದು ಅಂತ ಬರೆದುಕೊಡಿ. ಅಷ್ಟು ಸಾಕು.”

ಆ ಕಡೆಯ ವಕೀಲರು ಆಕ್ಷೇಪಣೆಗೆ ಏಳುತ್ತಿದ್ದವರು, ಅದೇಕೋ ಕೂತರು. ಆದೇಶ ಶುಕ್ರವಾರ ಎಂದು ಹೇಳಿ ಮುಂದಿನ ಕೇಸು ಕರೆದರು. ಹೊರಗೆ ಬಂದ ಮೇಲೆ ಶಶಿ ಕಾಫಿ ಕುಡಿಸಿದ. ಕಾನೂನಿನ ಪಾಯಿಂಟು ಒಂದೂ ಹೇಳಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು. ಎಲ್ಲ ಕೆಡಿಸಿದೆ ಅನ್ನಿಸುತ್ತಿದೆ.

ಜೂನ್ 12, ಶುಕ್ರವಾರ

ಮಧ್ಯಂತರ ಆದೇಶ ಸಿಕ್ಕಿತು. ಹನ್ನೆರಡು ಪುಟ. ಅಂತಿಮ ತೀರ್ಪು ಬರುವವರೆಗೆ ಒಂಬತ್ತು ಮತ್ತು ಹದಿನೇಳನೇ ಷರತ್ತುಗಳನ್ನು ನಮ್ಮ ಮೇಲೆ ಚಲಾಯಿಸುವ ಹಾಗಿಲ್ಲ. ಜೂನ್ 24ಕ್ಕೆ ನಮ್ಮ ಮನೆಯ ಲೆಕ್ಕದ ಪ್ರಕಾರ ತಿಥಿ ನಡೆಯಬೇಕು, ಅವಧಾನಿಗಳನ್ನೇ ಕಳಿಸಬೇಕು. ದೂರುದಾರರ ಬದಲು ಯಾರನ್ನೂ ಕೂರಿಸತಕ್ಕದ್ದಲ್ಲ. ಒಂಬತ್ತನೇ ಪುಟದಲ್ಲಿ ‘ಒಪ್ಪಿಗೆ’ ಅನ್ನುವ ಪದದ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ, ಬಸ್ಸಿನಲ್ಲಿ ಪಕ್ಕದವನಿಗೂ ಓದಿ ಹೇಳಿದೆ. ಅವನು ಎದ್ದು ಬೇರೆ ಸೀಟಿಗೆ ಹೋದ.

ಅಮ್ಮ ದೇವರ ಮನೆಯ ಹೊಸ್ತಿಲ ಹತ್ತಿರ ಕೂತು, “ಮೊದಲಿಂದ ಓದು” ಅಂದಳು. ಆದೇಶ ಇಂಗ್ಲಿಷಿನಲ್ಲಿದೆ, ಕನ್ನಡ ಮಾಡಿಕೊಂಡು ಓದಿದೆ. “ಕರ್ನಾಟಕ ರಾಜ್ಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ, ಬೆಂಗಳೂರು. ದೂರುದಾರರು: ಆತ್ರೇಯ, ದಿವಂಗತ ಶ್ರೀನಿವಾಸಯ್ಯನವರ ಮಗ, ವಾಸ ಎನ್.ಆರ್. ಕಾಲೋನಿ...”

“ನಿಲ್ಲು. ಅದನ್ನ ಇನ್ನೊಂದ್ಸಲ ಓದು.”

“ಯಾವುದನ್ನ? ಎನ್.ಆರ್. ಕಾಲೋನೀನಾ?”

“ಅದಕ್ಕೆ ಮುಂಚೆ.”

“ದಿವಂಗತ ಶ್ರೀನಿವಾಸಯ್ಯನವರ ಮಗ.”

“ಎಲ್ಲಿದೆ ತೋರಿಸು.”

ಬೆರಳಿಟ್ಟು ತೋರಿಸಿದೆ. ಇಂಗ್ಲಿಷು ಅವಳಿಗೆ ಅಷ್ಟಾಗಿ ಬರುವುದಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಅಪ್ಪನ ಹೆಸರು ಓದಿದಳು, ಆಮೇಲೆ ನನ್ನ ಹೆಸರು. “ಸರ್ಕಾರದ ಮೊಹರು ಇದೆಯಲ್ವಾ ಇದರ ಮೇಲೆ?” ಎಂದು ಕೇಳಿದಳು. ಇದೆ ಅಂದೆ.

“ಸಾಕು ಹಾಗಾದ್ರೆ.”

“ಸಾಕು ಅಂದ್ರೆ ಹೇಗಮ್ಮಾ? ಅದು ಬರೀ ವಿಳಾಸ. ಎಲ್ಲ ಕೇಸಿನಲ್ಲೂ ಹಾಗೇ ಹಾಕ್ತಾರೆ. ಮುಖ್ಯವಾದದ್ದು ಇರೋದು ಒಂಬತ್ತನೇ ಪುಟದಲ್ಲಿ.”

“ಒಂಬತ್ತನೇ ಪುಟ ನೀನಿಟ್ಕೋ.”

ಅಂದವಳೇ ಪಿನ್ನು ಕಿತ್ತು ಮೊದಲನೇ ಪುಟವನ್ನು ಬಿಡಿಸಿಕೊಂಡು, ಒಳಗೆ ಹೋಗಿ ಅಪ್ಪನ ಫೋಟೋದ ಮುಂದೆ ಇಟ್ಟುಬಿಟ್ಟಳು. ದೃಢೀಕೃತ ಪ್ರತಿ ಅದು, ಪುಟ ಕಿತ್ತರೆ ಎಲ್ಲೂ ನಡೆಯುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಕೈಮುಗಿದುಕೊಂಡು ಅಳುತ್ತಿದ್ದಳು.

ಈಗ ನನ್ನ ಹತ್ತಿರ ಇರುವ ಆದೇಶ ಎರಡನೇ ಪುಟದಿಂದ ಶುರುವಾಗುತ್ತದೆ. ಸೋಮವಾರ ಹೋಗಿ ಇನ್ನೊಂದು ಪ್ರತಿಗೆ ಅರ್ಜಿ ಹಾಕಬೇಕು.